ಔಟ್‌ಲೈಯರ್‌ಗೆ, ಅರ್ಜಿ ತುಂಬುವ ಗಡಿಬಿಡಿಯಲ್ಲಿ

ಪ್ರೀತಿಯ ಔಟ್‌ಲೈಯರ್,

ಮೊದಲು ನಿಯಮಗಳು. ಈ ಪತ್ರ ಓದಲೇಬೇಕು ಅಂತ ಯಾರ ಒತ್ತಾಯವೂ ಇಲ್ಲ. ಯಾವ ಸಾಲಿನಲ್ಲಿ ಬೇಕಾದರೂ ನಿಲ್ಲಿಸಬಹುದು, ನಿಲ್ಲಿಸಿದರೆ ನಷ್ಟವಿಲ್ಲ. ಓದಿದರೆ ಲಾಭವೂ ಇಲ್ಲ. ಸಣ್ಣಪುಟ್ಟ ಮುಜುಗರ ಆಗಬಹುದು. ಒಪ್ಪಿಗೆ ಇದ್ದರೆ ಮುಂದಕ್ಕೆ ಓದು. ಹೀಗೆ ಬರೆಯುವುದು ಈಗ ಚಟ ಆಗಿಬಿಟ್ಟಿದೆ ಕಣೋ. ಸೈಕಾಲಜಿ ಲ್ಯಾಬಿನಲ್ಲಿ ಒಪ್ಪಿಗೆ ಪತ್ರ ಹಂಚಿ ಹಂಚಿ, ಯಾರಿಗಾದರೂ ಟೈಮೆಷ್ಟು ಅಂತ ಕೇಳುವಾಗಲೂ 'ಉತ್ತರಿಸುವುದು ನಿಮ್ಮ ಇಷ್ಟ' ಅಂತ ಸೇರಿಸಬೇಕು ಅನಿಸುತ್ತದೆ.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಕಳಿಸಿದರೆ ನೀನು 'ಹ್ಞೂಂ' ಅಂತ ಉತ್ತರ ಹಾಕಿ ಮಲಗುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಎರಡು ಸಾಲಾದರೂ ಬರೆಯುತ್ತೀಯ. ಸೈಕಲ್ ಸವಾರರು ಒಬ್ಬರೇ ಇರುವಾಗಿನದಕ್ಕಿಂತ ಜೊತೆಗಾರರಿದ್ದಾಗ ಜೋರಾಗಿ ತುಳಿಯುತ್ತಾರೆ ಅಂತ ನಾರ್ಮನ್ ಟ್ರಿಪ್ಲೆಟ್ ಅನ್ನುವ ಸೈಕಾಲಜಿಸ್ಟ್ 1898ರಲ್ಲೇ ಬರೆದಿಟ್ಟಿದ್ದಾನೆ. ನಾನೂ ಸ್ವಲ್ಪ ಜೋರಾಗಿಯೇ ತುಳಿಯುತ್ತಿದ್ದೇನೆ ಅಂತ ನಿನಗೆ ಗೊತ್ತಾಗಿಯೇ ಇರುತ್ತದೆ ಬಿಡು.

ಸೈಕಾಲಜಿ ಪಿಎಚ್‌ಡಿ ಅರ್ಜಿಯ ತಯಾರಿ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ. ಒಂದು ಎಕ್ಸೆಲ್ ಶೀಟ್ ಆಗಿದೆ. ಯೂನಿವರ್ಸಿಟಿ, ಪ್ರೊಫೆಸರ್, ಕೊನೇ ದಿನಾಂಕ, ಫಂಡಿಂಗ್, ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ ಬೇಕಾ ಬೇಡವಾ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ಬಣ್ಣ ಬಳಿಯುವುದರಲ್ಲಿ ಕಳೆದ ಹೊತ್ತನ್ನು ಓದಿನಲ್ಲಿ ಕಳೆದಿದ್ದರೆ ಇಷ್ಟು ಹೊತ್ತಿಗೆ ಡಾಕ್ಟರೇಟೇ ಸಿಗುತ್ತಿತ್ತು. ಅಮೆರಿಕದ ಕ್ಲಿನಿಕಲ್ ಪಿಎಚ್‌ಡಿಗಳಲ್ಲಿ ಬಹಳಷ್ಟರ ಕೊನೇ ದಿನಾಂಕ ಡಿಸೆಂಬರ್ ಮೊದಲ ದಿನಗಳಲ್ಲೇ ಬಂದು ಕೂತಿದೆ.

ಹೊರಗಿನವರು ಒಂದು ವಿಷಯವನ್ನು ತಪ್ಪು ತಿಳಿದಿರುತ್ತಾರೆ. ನಾವು ಯೂನಿವರ್ಸಿಟಿಗೆ ಅರ್ಜಿ ಹಾಕುತ್ತೇವೆ ಅಂದುಕೊಳ್ಳುತ್ತಾರೆ. ಪಿಎಚ್‌ಡಿಯಲ್ಲಿ ಬಹಳ ಕಡೆ ನಾವು ಅರ್ಜಿ ಹಾಕುವುದು ಒಬ್ಬ ಮನುಷ್ಯನಿಗೆ. ಆ ಪ್ರೊಫೆಸರ್ ನನಗಿಷ್ಟದ ವಿಷಯದ ಮೇಲೆ ಕೆಲಸ ಮಾಡುತ್ತಿರಬೇಕು. ಈ ವರ್ಷ ಹೊಸ ವಿದ್ಯಾರ್ಥಿ ಬೇಕು ಅಂತ ಅವರಿಗೆ ಅನಿಸಿರಬೇಕು. ಅನಿಸದಿದ್ದರೆ ನನ್ನ ಅಂಕ ಎಷ್ಟಿದ್ದರೂ ಅಷ್ಟೇ. ಹಾಗಾಗಿ 'ಈ ಬಾರಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ' ಅಂತ ವಿನಯದ ಮೇಲ್ ಬರೆಯಬೇಕು. 'ನಿಮ್ಮ ಅರ್ಜಿಗೆ ಸ್ವಾಗತ' ಅಂತ ಉತ್ತರ ಬರುತ್ತದೆ. ಆ ಮೂರು ಪದ ಇಟ್ಟುಕೊಂಡು ರಾತ್ರಿಯೆಲ್ಲ ಅರ್ಥ ಹುಡುಕುತ್ತೇನೆ. ಸ್ವಾಗತ ಅಂದರೆ ಎಷ್ಟು ಸ್ವಾಗತ?

ಪಿಎಚ್‌ಡಿಯಾ, ಸೈ.ಡಿಯಾ ಅಂತ ನೀನು ಕೇಳಿದ್ದಕ್ಕೆ ಉತ್ತರ ಚಿಕ್ಕದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ವಿಜ್ಞಾನಿಯೂ ಹೌದು, ಚಿಕಿತ್ಸೆ ಮಾಡುವವರೂ ಹೌದು ಅಂತ 1949ರಲ್ಲಿ ಬೌಲ್ಡರ್‌ನಲ್ಲಿ ಸಭೆ ಸೇರಿ ತೀರ್ಮಾನಿಸಿದರು. ಅದು ಪಿಎಚ್‌ಡಿ ದಾರಿ. ಚಿಕಿತ್ಸೆಯೇ ಮುಖ್ಯವಾಗಿರುವ ದಾರಿಯೂ, ಅಂದರೆ ಸೈ.ಡಿ ಡಾಕ್ಟರೇಟೂ, ಇರಲಿ ಅಂತ 1973ರಲ್ಲಿ ವೇಲ್‌ನಲ್ಲಿ ಒಪ್ಪಿದರು. ಎರಡೂ ಕೊಲೊರಾಡೊದ ಬೆಟ್ಟದ ಊರುಗಳೇ. ಎತ್ತರಕ್ಕೆ ಹೋದರೆ ಸೈಕಾಲಜಿಸ್ಟ್‌ಗಳಿಗೆ ತೀರ್ಮಾನ ತೆಗೆದುಕೊಳ್ಳುವ ಹುಮ್ಮಸ್ಸು ಬರುತ್ತದೋ ಏನೋ. ನಾನು ಬೌಲ್ಡರ್ ಕಡೆ.

ಜಿಆರ್‌ಇ ಬಗ್ಗೆ ಹೇಳಲು ಜಾಸ್ತಿ ಇಲ್ಲ. 2023ರ ಸೆಪ್ಟೆಂಬರ್‌ನಿಂದ ಅದನ್ನು ಎರಡು ಗಂಟೆಯೊಳಗೆ ಮುಗಿಯುವ ಹಾಗೆ ಮೊಟಕು ಮಾಡಿದ್ದಾರೆ. ಎಷ್ಟೋ ಸೈಕಾಲಜಿ ವಿಭಾಗಗಳು ಅದನ್ನು ಕೇಳುವುದನ್ನೇ ಬಿಟ್ಟಿವೆ. ನಾನು ಮಾತ್ರ ಓದಿದ್ದೇನೆ, ಸುಮ್ನೆ.

ಶಿಫಾರಸು ಪತ್ರಗಳದ್ದು ಬೇರೆಯೇ ಕಥೆ. ಸಾಮಾನ್ಯವಾಗಿ ಮೂರು ಬೇಕು. ಒಬ್ಬ ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ನಿಮ್ಮ ಬಗ್ಗೆ ನನಗೆ ಏನು ಗೊತ್ತು?" ಕೋಪದಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಮೊದಲ ವರ್ಷದಿಂದ ಎರಡನೇ ಬೆಂಚಿನಲ್ಲಿ ಕೂತು ತಲೆ ಆಡಿಸಿದ್ದು ಬಿಟ್ಟರೆ ಅವರಿಗೆ ಗೊತ್ತಾಗುವಂಥದ್ದು ಏನೂ ಇರಲಿಲ್ಲ. ಇನ್ನೊಂದು ತಮಾಷೆ ಕೇಳು. ಅರ್ಜಿಯಲ್ಲಿ ಒಂದು ಖಾನೆ ಇರುತ್ತದೆ. ಈ ಪತ್ರದಲ್ಲಿ ಏನಿದೆ ಅಂತ ನೋಡುವ ಹಕ್ಕು ನನಗೆ ಬೇಡ ಅಂತ ನಾನೇ ಟಿಕ್ ಹಾಕಬೇಕು. ಟಿಕ್ ಹಾಕಿದರೇನೇ ಓದುವವರಿಗೆ ಆ ಪತ್ರದ ಮೇಲೆ ನಂಬಿಕೆ. ನನ್ನ ಬಗ್ಗೆ ನಿಜ ಏನು ಅಂತ ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿರುತ್ತದೆ.

ಪತ್ರ ಕೊಡಲು ಖುಷಿಯಿಂದ ಒಪ್ಪಿದ್ದು ಲ್ಯಾಬಿನವರು ಮಾತ್ರ. ಅಲ್ಲಿ ನಾನು ಮಾಡುವ ಕೆಲಸ ನಿನಗೆ ಪೂರ್ತಿ ಹೇಳೇ ಇಲ್ಲ ಅನಿಸುತ್ತದೆ. ಹತ್ತಿರದವರನ್ನು ಕಳೆದುಕೊಂಡವರ ಸಂದರ್ಶನಗಳ ಧ್ವನಿಮುದ್ರಣ ಇರುತ್ತದೆ. ಹೆಸರಿಲ್ಲ, ನಂಬರ್ ಮಾತ್ರ. ಅವರು ಏನು ಹೇಳಿದರು ಅಂತ ಯಾರಿಗೂ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಕೋಡ್ ಹಾಕಬೇಕು. ಮಾತು ಮೂರು ಸೆಕೆಂಡಿಗಿಂತ ಜಾಸ್ತಿ ನಿಂತರೆ ಒಂದು ಗುರುತು. ನಗು ಬಂದರೆ ಅದು ತಮಾಷೆಯ ನಗುವಾ, ಮಾತು ತಪ್ಪಿಸುವ ನಗುವಾ ಅಂತ ಇನ್ನೊಂದು ಗುರುತು. ಅದೇ ಧ್ವನಿಯನ್ನು ಇನ್ನೊಬ್ಬಳು ಬೇರೆ ಕೋಣೆಯಲ್ಲಿ ಕೂತು ಕೇಳುತ್ತಾಳೆ. ಆಮೇಲೆ ಇಬ್ಬರ ಗುರುತುಗಳು ಎಷ್ಟು ಹೊಂದಿವೆ ಅಂತ ಕಪ್ಪಾ ಲೆಕ್ಕ ಹಾಕುತ್ತೇವೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಲೆಕ್ಕ ಅದು. ಕಣ್ಣುಮುಚ್ಚಿ ಹಾಕಿದ್ದರೂ ಹೊಂದುತ್ತಿದ್ದಷ್ಟನ್ನು ಕಳೆದು, ನಿಜವಾಗಿ ಎಷ್ಟು ಒಪ್ಪಿದ್ದೇವೆ ಅಂತ ಹೇಳುತ್ತದೆ. 1 ಬಂದರೆ ಪೂರ್ತಿ ಒಪ್ಪಿಗೆ. 0 ಬಂದರೆ ನಾವಿಬ್ಬರೂ ಮನೆಯಲ್ಲೇ ಮಲಗಿದ್ದರೂ ಆಗುತ್ತಿತ್ತು.

ಒಂದು ನಗುವಿನ ಮೇಲೆ ನಮ್ಮಿಬ್ಬರಿಗೆ ದೊಡ್ಡ ಜಗಳ ಆಯಿತು. ಎರಡು ಸೆಕೆಂಡಿನ ನಗು. ಅವಳು ತಪ್ಪಿಸುವ ನಗು ಅಂದಳು, ನಾನು ತಮಾಷೆಯದು ಅಂದೆ. ಹಿಂದಕ್ಕೆ ಓಡಿಸಿ ಕೇಳಿದೆವು, ವೇಗ ಕಡಿಮೆ ಮಾಡಿ ಕೇಳಿದೆವು. ಕೊನೆಗೆ ಕೈಪಿಡಿಗೆ ಹೊಸ ನಿಯಮ ಸೇರಿಸಿದೆವು: ನಗುವಿನ ನಂತರ ಉಸಿರು ಒಳಕ್ಕೆ ಎಳೆದುಕೊಂಡರೆ ಅದು ತಪ್ಪಿಸುವ ನಗು. ಮುಂದಿನ ಸುತ್ತಿನಲ್ಲಿ ಕಪ್ಪಾ ಮೇಲೇರಿತು. ಇಬ್ಬರೂ ಕೈ ಕೈ ತಟ್ಟಿಕೊಂಡೆವು. ಹೆಡ್‌ಫೋನಿನಲ್ಲಿ ಆ ಮನುಷ್ಯ ಇನ್ನೂ ಮಾತಾಡುತ್ತಲೇ ಇದ್ದ.

ಈಗ ಬರುತ್ತೇನೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅನ್ನುವ ಪ್ರಾಣಿಯ ಹತ್ತಿರ. ಎರಡು ಪುಟ. ಯಾಕೆ ಸೈಕಾಲಜಿ, ಯಾಕೆ ಈ ಪ್ರೊಫೆಸರ್, ಯಾಕೆ ನೀನು.

ನಾನು ಸೈಕಾಲಜಿಗೆ ಬಂದದ್ದು ಹೇಗೆ ಅಂತ ನಿನಗೆ ಗೊತ್ತು. ಟೈಮ್‌ಟೇಬಲ್. ಬೆಳಗಿನ ಮೊದಲ ಪೀರಿಯಡ್ ಖಾಲಿ ಇದ್ದ ಕಾಂಬಿನೇಶನ್ ಅದೊಂದೇ. ಆದರೆ ಸ್ಟೇಟ್‌ಮೆಂಟಿನಲ್ಲಿ ನಾನು ಚಿಕ್ಕಂದಿನಿಂದಲೂ ಮನುಷ್ಯರ ಮನಸ್ಸಿನ ಬಗ್ಗೆ ಕುತೂಹಲ ಇರುವವನು. ಫಲಿತಾಂಶ ಕೈಗೆ ಬಂದ ಮೇಲೆ ಊಹೆ ಕಟ್ಟಿ, ಮೊದಲಿನಿಂದಲೂ ಇದನ್ನೇ ಅಂದುಕೊಂಡಿದ್ದೆವು ಅನ್ನುವುದಕ್ಕೆ ನಾರ್ಬರ್ಟ್ ಕೆರ್ 1998ರಲ್ಲಿ ಹಾರ್ಕಿಂಗ್ ಅಂತ ಹೆಸರಿಟ್ಟ. ಹಾಗೆ ಮಾಡಬಾರದು ಅಂತ ನಮಗೆ ಮೂರು ವರ್ಷ ಪಾಠ ಮಾಡಿದರು. ಸೈಕಾಲಜಿಯ ಹಳೆಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರಲ್ಲ, ಮೊದಲು ಅವುಗಳಲ್ಲಿ ಶೇಕಡಾ 97ರಲ್ಲಿ ಗಣನೀಯ ಫಲಿತಾಂಶ ಬಂದಿತ್ತು, ಮತ್ತೆ ಮಾಡಿದಾಗ ಬಂದದ್ದು 36ರಲ್ಲಿ. ಅಂದಿನಿಂದ ಎಲ್ಲರೂ ಊಹೆಯನ್ನು ಮೊದಲೇ ಬರೆದು ದಾಖಲೆ ಮಾಡಿ ಅನ್ನುತ್ತಾರೆ. ನಮ್ಮ ಬದುಕಿನ ವಿಷಯಕ್ಕೆ ಬಂದಾಗ ಮಾತ್ರ ಎರಡು ಪುಟ ಹಾರ್ಕಿಂಗ್ ಮಾಡಿ ಕಳಿಸಿ ಅನ್ನುತ್ತಾರೆ.

ಏನು ಬರೆಯಬಾರದು ಅನ್ನುವುದಕ್ಕೂ ಸಂಶೋಧನೆ ಇದೆ. ಡ್ರೂ ಆ್ಯಪಲ್‌ಬಿ, ಕರೆನ್ ಆ್ಯಪಲ್‌ಬಿ ಅಂತ ಇಬ್ಬರು, ಸೈಕಾಲಜಿ ವಿಭಾಗಗಳ ಪ್ರವೇಶ ಸಮಿತಿಯ ಮುಖ್ಯಸ್ಥರನ್ನು ಕೇಳಿ 2006ರಲ್ಲಿ ಪ್ರಕಟಿಸಿದರು. ಒಳ್ಳೆಯ ಅರ್ಜಿಯೂ ಯಾವುದರಿಂದ ಬಿದ್ದುಹೋಗುತ್ತದೆ? ತನ್ನದೇ ಮಾನಸಿಕ ಸಮಸ್ಯೆಯ ಕಥೆ, ಅತಿಯಾಗಿ ಬಿಚ್ಚಿಟ್ಟ ಖಾಸಗಿ ವಿಷಯ, ಜಗತ್ತನ್ನೇ ಉದ್ಧಾರ ಮಾಡುವ ಉತ್ಸಾಹ, ಬಲವಂತದ ಹಾಸ್ಯ. ಕೊನೆಯದನ್ನು ಓದಿ ನಾನು ಮುಗಿದೆ ಅಂದುಕೊಂಡೆ.

ಆದರೂ ಎಲ್ಲರ ಸಲಹೆ ಒಂದೇ. 'ಒಂದು ನಿರ್ದಿಷ್ಟ ಘಟನೆಯಿಂದ ಶುರುಮಾಡು.'

ನನ್ನ ಹತ್ತಿರ ಇದ್ದ ಘಟನೆ ನಿನ್ನದು.

ಆ ರಾತ್ರಿಯ ವಿಷಯ ಬರೆಯಲಾ ಅಂತ ಕೇಳಿದಾಗ 'ಬರಿ, ಹೆಸರು ಹಾಕಬೇಡ, ಹಾಕಿದರೆ ದಪ್ಪ ಅಕ್ಷರದಲ್ಲಿ ಹಾಕು' ಅಂದಿದ್ದೆ. ನೀನು ಒಪ್ಪಿದ್ದು ಅಷ್ಟಕ್ಕೆ. ಇಲ್ಲಿಂದ ಮುಂದಿನದು ನಿನಗೂ ಹೊಸದು.

ನೀನು ಫೋನ್ ಮಾಡಿ ಮಾತಾಡುತ್ತಿದ್ದೆ. ನಾನು ಅಂಕ ಹಾಕುತ್ತಿದ್ದೆ. ಪಿಎಚ್‌ಕ್ಯೂ-9 ಗೊತ್ತಲ್ಲ, ಖಿನ್ನತೆಯ ಪ್ರಶ್ನಾವಳಿ, ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ಒಂದೊಂದಕ್ಕೂ 0ಯಿಂದ 3, ಒಟ್ಟು 27. 10 ಮುಟ್ಟಿದರೆ ಸರಿಯಾಗಿ ಗಮನಿಸಬೇಕು. ಅದರಿಂದ ರೋಗ ನಿರ್ಧಾರ ಆಗುವುದಿಲ್ಲ, ಬರೀ ಮೊದಲ ಸೋಸುವಿಕೆ. ನೀನು ನಿದ್ದೆ ಬರುತ್ತಿಲ್ಲ ಅಂದೆ, 3. ಊಟ ಸೇರುತ್ತಿಲ್ಲ ಅಂದೆ, 2. ಯಾವುದರಲ್ಲೂ ಮನಸ್ಸಿಲ್ಲ ಅಂದೆ, 3. ನಡುವೆ ನೀನು ಒಂದು ಸಲ ನಕ್ಕೆ. ನಕ್ಕು ಉಸಿರು ಎಳೆದುಕೊಂಡೆ. ಯಾವ ನಗು ಅಂತ ನನಗೆ ತಕ್ಷಣ ಗೊತ್ತಾಯಿತು, ಗೊತ್ತಾದದ್ದಕ್ಕೆ ಒಂಥರಾ ಖುಷಿಯೂ ಆಯಿತು. ಅಷ್ಟು ಹೊತ್ತಿಗೆ ಎಂಟು ಪ್ರಶ್ನೆಗೆ ಅಂಕ ಸಿಕ್ಕಿತ್ತು.

ಒಂಬತ್ತನೆಯದು ಬದುಕಿರುವುದೇ ಬೇಡ ಅನಿಸುತ್ತದಾ ಅನ್ನುವ ಪ್ರಶ್ನೆ. ಅದಕ್ಕೆ ಊಹೆಯ ಮೇಲೆ ಅಂಕ ಹಾಕಲಾಗುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುವುದಿಲ್ಲ, ಕೇಳುವುದೇ ಒಳ್ಳೆಯದು ಅಂತ ಅಧ್ಯಯನಗಳಿವೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತಗೊಂಡವನು ನಾನು. ನಿನ್ನ ಹತ್ತಿರ ಕೇಳಿದ್ದು ಏನು ಹೇಳು? 'ಫೋನ್ ಚಾರ್ಜ್ ಎಷ್ಟಿದೆ?'

ನೀನು 'ಇದೆ' ಅಂದೆ. ಬೆಳಗಾಗುವವರೆಗೂ ಯಾವುದೋ ಹಳದಿ ಛತ್ರಿಯ ಕಥೆ ಮಾತಾಡಿದೆವು.

ಇದು ನನ್ನ ಮೊದಲ ಪ್ಯಾರಾ ಆಯಿತು. ನೀನು ಅದರಲ್ಲಿ 'ಒಬ್ಬ ಆಪ್ತ ಗೆಳೆಯ'. ನಾನು ಶಾಂತವಾಗಿ ಕೇಳಿಸಿಕೊಳ್ಳುತ್ತೇನೆ. ಸರಿಯಾದ ಹೊತ್ತಿಗೆ, ಸರಿಯಾದ ದನಿಯಲ್ಲಿ, ಆ ಪ್ರಶ್ನೆ ಕೇಳುತ್ತೇನೆ. ಹೌದು ಕಣೋ, ಸ್ಟೇಟ್‌ಮೆಂಟಿನಲ್ಲಿ ಕೇಳಿದ್ದೇನೆ. ತುಂಬ ಚೆನ್ನಾಗಿ ಬಂದಿತ್ತು. ಓದಿದ ಮೇಷ್ಟ್ರು ಆ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: 'ಇಲ್ಲಿ ನಿಮ್ಮ ನಿಜವಾದ ದನಿ ಇದೆ, ಇನ್ನೂ ಬೆಳೆಸಿ.' ನಾನು ಬೆಳೆಸಲು ಕೂತೆ. ನಿನ್ನ ದನಿಗೆ ಒಂದು ನಡುಕ ಸೇರಿಸಿದೆ. ಆಮೇಲೆ ಆ ನಡುಕವನ್ನು ಎರಡನೇ ವಾಕ್ಯಕ್ಕೆ ಹಾಕಲಾ, ನಾಲ್ಕನೆಯದಕ್ಕೆ ಹಾಕಲಾ ಅಂತ ಯೋಚಿಸುತ್ತಿದ್ದಾಗ ನಿನ್ನದೇ ಮೆಸೇಜ್ ಬಂತು. ಯಾವುದೋ ನಾಯಿಯ ವಿಡಿಯೋ. ನೋಡದೆ ಲ್ಯಾಪ್‌ಟಾಪ್ ಮುಚ್ಚಿದೆ.

ಆ ಪ್ಯಾರಾ ತೆಗೆದಿದ್ದೇನೆ. ಕೇಳಿದವರಿಗೆ ಆ್ಯಪಲ್‌ಬಿ 2006 ಅನ್ನುತ್ತೇನೆ, ಖಾಸಗಿ ವಿಷಯ ಜಾಸ್ತಿ ಆಯಿತು ಅಂತ. ನಿಜ ಏನೆಂದರೆ ಇಂಟರ್‌ವ್ಯೂನಲ್ಲಿ ಯಾರಾದರೂ 'ಅದಕ್ಕೆ ಅವರು ಏನು ಹೇಳಿದರು' ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇನ್ನೂ ನಿಜ ಹೇಳಬೇಕೆಂದರೆ, ನಿನ್ನ ರಾತ್ರಿಯನ್ನು ಬರೀ ಐದು ಜನ ಪ್ರೊಫೆಸರ್‌ಗಳಿರುವ ಸಮಿತಿಯಿಂದ ಕಾಪಾಡಿ, ತಂದು ಇಲ್ಲಿ ಎಲ್ಲರ ಮುಂದೆ ಹರಡಿದ್ದೇನೆ. ಸಂಶೋಧನೆಯ ನೈತಿಕತೆ ನೋಡುವ ಸಮಿತಿಯವರು ಇದನ್ನು ಓದಿದರೆ ನನ್ನ ಹೆಡ್‌ಫೋನ್ ಕಿತ್ತುಕೊಳ್ಳುತ್ತಾರೆ.

ಆ ಪ್ರಶ್ನೆ ಬಾಕಿ ಇದೆ. ಇಲ್ಲಿ ಕೇಳುವುದಿಲ್ಲ. ಭಾನುವಾರ ಫೋನ್ ಮಾಡುತ್ತೇನೆ, ಎತ್ತು. ಅಂಕ ಹಾಕುವುದಿಲ್ಲ ಅಂತ ಮಾತು ಕೊಡುವಷ್ಟು ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ಆದರೆ ಹೆಡ್‌ಫೋನ್ ಹಾಕಿಕೊಂಡಿರುವುದಿಲ್ಲ.

ಸಾಕು, ಜಾಸ್ತಿ ಆಯಿತು. ಮೊನ್ನೆ ಕಳಿಸಿದ ಫೋಟೋದಲ್ಲಿ ಆ ಮೀಸೆ ಒಂದನ್ನು ಬಿಟ್ಟರೆ ಎಲ್ಲ ಚೆನ್ನಾಗಿತ್ತು. ಮೀಸೆಗೆ ಇನ್ನೂ ಯಾರೂ ಪ್ರಶ್ನಾವಳಿ ಮಾಡಿಲ್ಲ, ಮಾಡಿದರೆ ನೀನು 27ಕ್ಕೆ 27. ನನ್ನ ಹೊಸ ಮೊದಲ ಪ್ಯಾರಾ ಎರಡು ಸೆಕೆಂಡಿನ ನಗುವಿನ ಕೋಡಿಂಗ್ ಬಗ್ಗೆ. ಓದಿದವರು ಆಕಳಿಸುತ್ತಾರೆ, ಆದರೆ ಪ್ರತಿ ಪದವೂ ನಡೆದದ್ದೇ.

ಒಂದು ಕೆಲಸ ಇದೆ ನಿನಗೆ. ಎರಡನೇ ಶಿಫಾರಸು ಪತ್ರ ಬರೆಯುವವರು, ನನ್ನ ಒಳ್ಳೆಯ ಗುಣಗಳನ್ನು ನಾನೇ ಪಟ್ಟಿ ಮಾಡಿ ಕಳಿಸಬೇಕು, ಉದಾಹರಣೆ ಸಮೇತ, ಅಂದಿದ್ದಾರೆ. ಬೆಳಗ್ಗೆಯಿಂದ ಖಾಲಿ ಹಾಳೆ ನೋಡುತ್ತಾ ಕೂತಿದ್ದೇನೆ. ಮೂರು ಗುಣ ಯೋಚಿಸಿ ಗುರುವಾರದೊಳಗೆ ಕಳಿಸು. ಸಿಗದಿದ್ದರೆ ಕೈಬರಹ ಚೆನ್ನಾಗಿದೆ ಅಂತಾದರೂ ಬರಿ. ಟೈಪ್ ಮಾಡಿದ ಅರ್ಜಿಯಲ್ಲಿ ಯಾರು ನೋಡುತ್ತಾರೆ.

ಇಂತಿ,
ನಿನ್ನ ಕಂಟ್ರೋಲ್ ಗ್ರೂಪ್