ಹಡಗು ಹತ್ತುವ ಅಳಿಯನಿಗೆ

ದಾವಣಗೆರೆ

ಮಂಜುಗೆ ನಿನ್ನ ಮಾವನ ಆಶೀರ್ವಾದ.

ಕೆಡೆಟ್ ಆಗಿ ಸರಕಿನ ಹಡಗು ಹತ್ತುತ್ತೀಯ ಅಂತ ಅಕ್ಕ ಹೇಳಿದಳು. ಖುಷಿಯಾಯಿತು. ಲಾರಿ ಆಫೀಸಿನವನಿಗೆ ಸಮುದ್ರದ ವಿಷಯ ಏನು ಗೊತ್ತು ಅಂತ ನಗಬೇಡ, ಒಂದು ಮಾತು ಕೇಳು.

ಡೆನ್ಮಾರ್ಕಿನ ‘ಕೋಬೆನ್‌ಹಾವ್ನ್’ ಅಂತ ಒಂದು ಹಡಗಿತ್ತು. ಐದು ಹಾಯಿಕಂಬದ್ದು. ವ್ಯಾಪಾರಿ ಕಂಪನಿಯ ಹಡಗು, ನಿನ್ನಂಥ ಹುಡುಗರಿಗೆ ಕೆಲಸವನ್ನೂ ಕಲಿಸುತ್ತಿತ್ತು. 1928ರ ಡಿಸೆಂಬರ್ 14ಕ್ಕೆ ಬ್ಯೂನಸ್ ಐರಿಸ್ ಬಿಟ್ಟು ಆಸ್ಟ್ರೇಲಿಯಾ ಕಡೆ ಖಾಲಿ ಹೊರಟಿತು. ವಾರದ ಮೇಲೆ ನಾರ್ವೆಯ ಹಡಗೊಂದಕ್ಕೆ ರೇಡಿಯೋದಲ್ಲಿ ಎಲ್ಲ ಚೆನ್ನಾಗಿದೆ ಅಂದಿತು. ಅಷ್ಟೇ, ಆಮೇಲೆ ಪತ್ತೆಯೇ ಇಲ್ಲ. 45 ಕೆಡೆಟ್ ಹುಡುಗರಿದ್ದರು ಅದರಲ್ಲಿ. ಹಿಮಗಡ್ಡೆಗೆ ಬಡಿಯಿತು ಅಂತಾರೆ, ಖಾಲಿ ಹಡಗು ಗಾಳಿಗೆ ಮಗುಚಿತು ಅಂತಾರೆ. ದೆವ್ವದ ಕಥೆಗಳನ್ನು ಬಿಡು.

ನನಗೆ ತಟ್ಟಿದ್ದು ಬೇರೆ. ಸುದ್ದಿ ನಿಂತರೂ ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ಕ್ಯಾಪ್ಟನ್ ಆಂಡರ್ಸನ್ ವಾರಗಟ್ಟಲೆ ಸುದ್ದಿ ಕಳಿಸದೆ ಇರುವುದು ಮಾಮೂಲಿ. ಹುಡುಕಲು ಹಡಗು ಹೊರಟಿದ್ದು ತಿಂಗಳುಗಳ ಮೇಲೆ. ಬೇಗ ಹೋಗಿದ್ದರೆ ಸಿಗುತ್ತಿದ್ದರು ಅಂತ ನಾನು ಹೇಳಲ್ಲ.

ನಮ್ಮಲ್ಲೂ ಎರಡು ಥರದ ಡ್ರೈವರುಗಳಿದ್ದರು. ಒಬ್ಬ ನಾಮಕ್ಕಲ್‌ಗೆ ಮೆಕ್ಕೆಜೋಳ ಹೇರಿಕೊಂಡು ಹೋದರೆ, ಲೋಡ್ ಇಳಿಸಿದ ಕೂಡಲೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದ. ಒಂದು ರಾತ್ರಿ ಅವನ ಫೋನ್ ಬರದಿದ್ದರೆ ಬೆಳಿಗ್ಗೆ ಆ ರೂಟಿನ ಲಾರಿಗಳಿಗೆಲ್ಲ ಹೇಳಿ ಕಳಿಸುತ್ತಿದ್ದೆವು. ಇನ್ನೊಬ್ಬ ಐದು ದಿನ ಪತ್ತೆ ಇಲ್ಲದಿದ್ದರೂ ‘ಅವನು ಹಂಗೇ ಬಿಡು’ ಅಂತ ಟೀ ಕುಡಿಯುತ್ತಿದ್ದೆವು. ನೀನು ಎರಡನೆಯವನಾಗಬೇಡ.

ನಿಮ್ಮ ಹಡಗಿನಿಂದ ದಿನಾ ಮಧ್ಯಾಹ್ನ ಹಡಗು ಎಲ್ಲಿದೆ ಅಂತ ಕಂಪನಿಗೆ ನೂನ್ ರಿಪೋರ್ಟ್ ಹೋಗುತ್ತದಲ್ವಾ? ಅದು ಹಡಗಿನ ಲೆಕ್ಕ. ನಿಮ್ಮಮ್ಮನಿಗೆ ಭಾನುವಾರಕ್ಕೊಮ್ಮೆ ‘ಊಟ ಆಯ್ತು’ ಅಂತ ಹಾಕಿದರೂ ಸಾಕು. ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಮೆಸೇಜು ಮಾಡಿ ಆಮೇಲೆ ಬಿಟ್ಟುಬಿಡಬೇಡ, ಅದೇ ಜಾಸ್ತಿ ಗಾಬರಿ. ನಡೆಸಲು ಆಗುವಷ್ಟೇ ಮಾತು ಕೊಡು. ನೆಟ್ ಸಿಗದ ದಿನಗಳಿದ್ದರೆ ಮೊದಲೇ ಹೇಳಿಬಿಡು.

ಹಡಗಿನ ಹೆಸರು ಬದಲಾದರೂ ಅದನ್ನು ಗುರುತಿಸುವ 7 ಅಂಕಿಯ ಐಎಂಒ ನಂಬರ್ ಬದಲಾಗಲ್ಲವಂತೆ. ಅದನ್ನೂ ಕಂಪನಿಯ ಫೋನ್ ನಂಬರನ್ನೂ ಅಡುಗೆಮನೆ ಕ್ಯಾಲೆಂಡರಿನ ಮೇಲೆ ದಪ್ಪಕ್ಕೆ ಬರೆದು ಹೊರಡು. ಅಕ್ಕನಿಗೆ ಕನ್ನಡಕ ಇಲ್ಲದಿದ್ದರೂ ಓದುವ ಹಾಗಿರಲಿ.

ಇಂತಿ ನಿನ್ನ ಮಾವ