ಮುತ್ಯಾನ ತೀರ್ಪು ಯಾರ ಕೈಯಲ್ಲಿದೆ

ಲಂಡನ್

ಪ್ರೀತಿಯ ಅವ್ವನಿಗೆ,

ನಮ್ಮ ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನ್ನ ಮಗಳ ವಂದನೆಗಳು. ನಾನು ಆರೋಗ್ಯವಾಗಿದ್ದೇನೆ, ಆಸ್ಪತ್ರೆಯ ಕೆಲಸ ಎಂದಿನಂತೆ ನಡೆದಿದೆ. ಅಪ್ಪನಿಗೆ ನನ್ನ ವಂದನೆ ತಿಳಿಸು.

ಉಜ್ಜೀವನ ಕೂಟಕ್ಕೆ ಬಂದಿದ್ದ ಬೋಧಕರು ಏನು ಹೇಳಿದರೆಂಬುದನ್ನು ತಮ್ಮ ತಿಳಿಸಿದ. ದೀಕ್ಷಾಸ್ನಾನವಿಲ್ಲದೆ ಸತ್ತ ತಂದೆತಾಯಿಗಳು ಈಗ ಬೆಂಕಿಯಲ್ಲಿದ್ದಾರೆ, ಅವರನ್ನು ಎಚ್ಚರಿಸದ ಮಕ್ಕಳಿಂದ ದೇವರು ಅವರ ರಕ್ತದ ಲೆಕ್ಕ ಕೇಳುತ್ತಾನೆ ಎಂದರಂತೆ. ದೀಕ್ಷಾಸ್ನಾನವಿಲ್ಲದೆ ತೀರಿಹೋದ ನಿನ್ನ ಅಪ್ಪನ, ನಮ್ಮ ಮುತ್ಯಾನ, ಚಿಂತೆಯಲ್ಲಿ ಅಂದಿನಿಂದ ನಿನಗೆ ನಿದ್ದೆ ಇಲ್ಲವೆಂದೂ, ಕರ್ತನ ಭೋಜನಕ್ಕೆ ಎಲ್ಲರೂ ವೇದಿಯ ಬಳಿ ಹೋಗಿ ಮೊಣಕಾಲೂರಿದಾಗ ನೀನೊಬ್ಬಳೇ ಹಿಂದೆ ಕುಳಿತಿದ್ದೆಯೆಂದೂ ಕೇಳಿ ನನ್ನ ಕರುಳು ಹಿಂಡಿದಂತಾಯಿತು. ಫೋನಿನಲ್ಲಿ ಕೇಳಿದರೆ ನೀನು "ಏನಿಲ್ಲ ಬಿಡು" ಎಂದು ಮಾತು ಮುಗಿಸುತ್ತೀ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಂಡು, ನಾನು ಹೇಳುವ ವಚನಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾ ನಿಧಾನವಾಗಿ ಓದು.

ನಿನ್ನ ಸಮಾಧಾನಕ್ಕಾಗಿ ನರಕವೇ ಇಲ್ಲವೆಂದು ನಾನು ಬರೆಯುವುದಿಲ್ಲ. ಯೇಸುಸ್ವಾಮಿಯೇ ಅದರ ಮಾತನ್ನು ಮತ್ತೆ ಮತ್ತೆ ಆಡಿದ್ದಾನೆ, ಆತನ ಮಾತನ್ನು ಹಗುರ ಮಾಡುವ ಅಧಿಕಾರ ನನಗಿಲ್ಲ. ಆದರೆ ಆತನು ಆ ಮಾತನ್ನು ಎಲ್ಲಿ, ಯಾರನ್ನು ಕುರಿತು ಆಡಿದನೆಂಬುದನ್ನು ಗಮನಿಸು. ಯೆರೂಸಲೇಮಿನ ತೆಂಕಣ ದಿಕ್ಕಿಗೆ ಹಿನ್ನೋಮ್ ಎಂಬ ಕಣಿವೆಯಿದೆ. ಯೆಹೂದದ ಕೆಲವು ಅರಸರ ಕಾಲದಲ್ಲಿ ಜನರು ಅಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಡುತ್ತಿದ್ದರು. ಅದು ತನ್ನ ಮನಸ್ಸಿಗೆ ಎಂದೂ ಬಾರದ ಸಂಗತಿಯೆಂದು ದೇವರು ಯೆರೆಮೀಯನ ಬಾಯಿಂದ ಹೇಳಿಸಿದ್ದನ್ನು ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ಯೇಸು ನರಕಕ್ಕೆ ಕೊಟ್ಟ ಹೆಸರು ಆ ಕಣಿವೆಯದೇ. ಅಲ್ಲಿ ಕೂಗಿದ ಮಕ್ಕಳ ಲೆಕ್ಕವನ್ನು ಕೇಳುವವರೇ ಇಲ್ಲವೆಂದಾಗಿದ್ದರೆ, ಅಂಥ ದೇವರನ್ನು ನಾವು ಒಳ್ಳೆಯವನೆಂದು ಹಾಡಿ ಹೊಗಳುವುದಾದರೂ ಹೇಗೆ? ದೇವರ ಕೋಪವನ್ನು ಕುರಿತು ಯೋಚಿಸುವಾಗಲೆಲ್ಲ ನಾನು ಮೊದಲು ಆ ಮಕ್ಕಳನ್ನು ನೆನೆಯುತ್ತೇನೆ.

ಲೂಕನ ಹದಿನಾರನೆಯ ಅಧ್ಯಾಯವನ್ನೂ ತೆಗೆದು ನೋಡು. ಯಾತನೆಗೆ ಹೋದ ಐಶ್ವರ್ಯವಂತನು ದಿನಾಲೂ ಸೊಗಸಾಗಿ ಉಣ್ಣುತ್ತಿದ್ದವನು. ಅವನ ಬಾಗಿಲಲ್ಲೇ ಹುಣ್ಣು ತುಂಬಿ ಬಿದ್ದಿದ್ದ ಲಾಜರನು ಅವನ ಕಣ್ಣಿಗೆ ಬೀಳಲಿಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಎಡಗಡೆಗೆ ನಿಂತವರೂ ಹಸಿದವರಿಗೆ ಅನ್ನ ಕೊಡದವರೇ. ಹೊಟ್ಟೆ ತುಂಬಿ, ಮನಸ್ಸು ಕಲ್ಲಾಗಿ, ತಮಗೆ ಏನೂ ಆಗದೆಂದು ಕುಳಿತವರನ್ನು ಎಬ್ಬಿಸಲು ಯೇಸು ಆಡಿದ ಮಾತುಗಳನ್ನು ತಂದೆಯನ್ನು ಕಳೆದುಕೊಂಡು ಅಳುತ್ತಿರುವ ಮಗಳ ಮೇಲೆ ಹೇರುವುದು ನನಗೆ ಸರಿಯೆನಿಸುವುದಿಲ್ಲ.

ಹಾಗಾದರೆ ರಕ್ಷಣೆ ಯಾವುದರಿಂದ? ಎಲ್ಲರೂ ಪಾಪಮಾಡಿದ್ದಾರೆ ಎಂದು ಪೌಲನು ರೋಮಾಪುರದವರಿಗೆ ಬರೆದಾಗ ನಿನ್ನನ್ನೂ ನನ್ನನ್ನೂ ಆ ಬೋಧಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ; ರಕ್ಷಣೆಯು ಕೃಪೆಯಿಂದ, ನಂಬಿಕೆಯ ಮೂಲಕ, ದೇವರ ವರವಾಗಿ ಬರುತ್ತದೆಂದು ಎಫೆಸದವರಿಗೆ ಬರೆದ. ನಂಬಿಕೆಯೆಂದರೆ ಏನೆಂದು ನಮ್ಮ ಮೆಥೋಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿ ಬಹಳ ಕಷ್ಟಪಟ್ಟು ಕಲಿತರು. ಅವರು ದೀಕ್ಷಾಸ್ನಾನ ಹೊಂದಿದ್ದವರು, ಗುರುಪಟ್ಟ ಪಡೆದಿದ್ದವರು, ಸುವಾರ್ತೆ ಸಾರಲು ಹಡಗು ಹತ್ತಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟಿದ್ದವರು. ಆದರೂ 1736ರ ಜನವರಿಯಲ್ಲಿ ನಡುಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಸಾವಿನ ಭಯ ಅವರನ್ನು ಅಲುಗಾಡಿಸಿತು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಕ್ರೈಸ್ತರು ಅಲೆಗಳ ನಡುವೆಯೂ ಕೀರ್ತನೆ ಹಾಡುತ್ತಲೇ ಇದ್ದರು. ನಿಮ್ಮ ಹೆಂಗಸರು ಮಕ್ಕಳು ಹೆದರಲಿಲ್ಲವೇ ಎಂದು ವೆಸ್ಲಿ ವಿಚಾರಿಸಿದಾಗ, ಅವರಿಗೂ ಸಾವಿನ ಹೆದರಿಕೆ ಇಲ್ಲ ಎಂಬ ಉತ್ತರ ಬಂತು. ಮುಂದೆ 1738ರ ಮೇ 24ರ ಸಂಜೆ, ಇದೇ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ಕ್ರಿಸ್ತನೊಬ್ಬನೇ ತನಗೆ ಸಾಕು, ಆತನು ತನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆ ಎಂಬ ಭರವಸೆ ಅವರ ಹೃದಯದಲ್ಲಿ ಹುಟ್ಟಿತು. ಅಲ್ಲಿಯವರೆಗೆ ಅವರ ಭಯವನ್ನು ಪಟ್ಟವೂ ತೆಗೆದಿರಲಿಲ್ಲ, ಸೇವೆಯೂ ತೆಗೆದಿರಲಿಲ್ಲ. ನೀನು ಈಗ ನಿನ್ನ ಭಯವನ್ನೇ ಭಕ್ತಿಯೆಂದು ತಿಳಿದು ಹೊತ್ತುಕೊಂಡಿದ್ದೀಯೆಂದು ನನಗನಿಸುತ್ತದೆ, ಅವ್ವ.

ಇನ್ನು ತೀರ್ಪಿನ ವಿಷಯ. ತಂದೆಯು ನ್ಯಾಯತೀರಿಸುವ ಅಧಿಕಾರವನ್ನೆಲ್ಲ ಮಗನಿಗೆ ಕೊಟ್ಟಿದ್ದಾನೆಂದು ಯೋಹಾನನ ಐದನೆಯ ಅಧ್ಯಾಯ ಹೇಳುತ್ತದೆ. ಶಿಲುಬೆಯ ಮೊಳೆಯ ಗಾಯವಿರುವ ಕೈಯೇ ತೀರ್ಪಿನ ದಿನ ಲೆಕ್ಕದ ಪುಸ್ತಕಗಳನ್ನು ತೆರೆಯುವ ಕೈ. ಕರ್ತನು ಬರುವ ತನಕ, ಕತ್ತಲೆಯಲ್ಲಿ ಅಡಗಿದ್ದನ್ನು ಆತನು ಬೆಳಕಿಗೆ ತರುವ ತನಕ, ಕಾಲಕ್ಕೆ ಮೊದಲೇ ಯಾವುದನ್ನೂ ತೀರ್ಮಾನಿಸಬೇಡಿರೆಂದು ಪೌಲನು ಕೊರಿಂಥದವರನ್ನು ತಡೆದದ್ದೂ ಇದಕ್ಕೇ. ನಮ್ಮ ಬೀದರಿನ ಚೌಬಾರದ ಹತ್ತಿರದ ಅಂಗಡಿಯಲ್ಲಿ ಬಿದ್ರಿ ಕೆಲಸವನ್ನು ನೀನೇ ನನಗೆ ತೋರಿಸಿದ್ದೆ. ಬೆಳ್ಳಿಯ ಎಳೆ ಕೂರಿಸಿ ಉಜ್ಜಿದ ಹೂದಾನಿಯಲ್ಲಿ ಬೆಳ್ಳಿ ಯಾವುದು, ಸತುವು ಯಾವುದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ, ಎಲ್ಲವೂ ಒಂದೇ ಬಿಳುಪು. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದ ಮೇಲೆ ಸತುವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಎದ್ದು ಹೊಳೆಯಿತು. ಮನುಷ್ಯನೊಳಗೆ ಏನು ಕೂತಿದೆಯೆಂಬುದೂ ಆ ದಿನದವರೆಗೆ ನಮ್ಮ ಕಣ್ಣಿಗೆ ಹಾಗೆಯೇ.

ನಾನು ಕೆಲಸ ಮಾಡುವ ವಾರ್ಡಿನಲ್ಲಿ ಸಾವು ಅಪರೂಪವಲ್ಲ. ಮಾತು ನಿಂತ ಮೇಲೂ ರೋಗಿಗೆ ಕೇಳಿಸುತ್ತಿರಬಹುದು, ಆದ್ದರಿಂದ ಅವರೊಡನೆ ಮಾತನಾಡುತ್ತಲೇ ಇರಬೇಕೆಂದು ದಾದಿಯರಾದ ನಮಗೆ ಕಲಿಸಿದ್ದಾರೆ. ಆ ಕೊನೆಯ ಗಂಟೆಗಳಲ್ಲಿ ಆ ಮನುಷ್ಯನಿಗೂ ದೇವರಿಗೂ ನಡುವೆ ಏನು ನಡೆಯುತ್ತದೆಂದು ಮಂಚದ ಪಕ್ಕದಲ್ಲೇ ನಿಂತ ನನಗೆ ತಿಳಿಯದು. ಯೇಸುವಿನ ಪಕ್ಕದ ಶಿಲುಬೆಯ ಮೇಲೆ ನೇತಾಡುತ್ತಿದ್ದ ಕಳ್ಳನಿಗೆ ದೀಕ್ಷಾಸ್ನಾನವಿರಲಿಲ್ಲ, ಒಳ್ಳೆಯದನ್ನು ಮಾಡಿ ತೋರಿಸುವ ಸಮಯವೂ ಇರಲಿಲ್ಲ; "ನನ್ನನ್ನು ನೆನಸಿಕೋ" ಎಂದಷ್ಟೇ ಕೇಳಿ ಅವನು ಅಂದೇ ಪರದೈಸಿಗೆ ಹೋದ.

ಮುತ್ಯಾ ಬೇಸಿಗೆಯಲ್ಲಿ ಹುಮನಾಬಾದಿನಿಂದ ಮಂಗಲಪೇಟೆಗೆ ಬಂದಾಗಲೆಲ್ಲ ಅಂಗಳದಲ್ಲಿ ಹೊರಸು ಹಾಕಿಸಿಕೊಂಡು, ತಪ್ಪಿಹೋದ ಮಗನ ಕಥೆಯನ್ನೇ ನಿನ್ನಿಂದ ಓದಿಸುತ್ತಿದ್ದ. ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು ಓಡಿಬಂದನೆಂಬ ಮಾತಿಗೆ ನೀನು ಬಂದೊಡನೆ ಮುತ್ಯಾ ಕೈಯೆತ್ತಿ ನಿಲ್ಲಿಸುತ್ತಿದ್ದ. ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು, "ಮತ್ತೊಮ್ಮೆ ಓದವ್ವ" ಎನ್ನುತ್ತಿದ್ದ. ದೀಕ್ಷಾಸ್ನಾನಕ್ಕೆ ಅವನು ಒಪ್ಪಲಿಲ್ಲವೆಂಬುದು ನಿಜ, ಅದು ಸಣ್ಣ ಸಂಗತಿಯೆಂದೂ ನಾನು ಹೇಳುವುದಿಲ್ಲ. ಮುತ್ಯಾ ಪರಲೋಕದಲ್ಲೇ ಇದ್ದಾನೆಂದು ಸಾರಿದರೆ ನಾನೂ ಆ ಬೋಧಕರು ಹತ್ತಿದ ಪೀಠವನ್ನೇ ಹತ್ತಿದಂತಾಗುತ್ತದೆ. ಬರಲಿರುವ ಕೋಪದಿಂದ ತಪ್ಪಿಸಿಕೊಳ್ಳಬೇಕೆಂದು ಜೀವಮಾನವೆಲ್ಲ ಸಾರಿದ ವೆಸ್ಲಿಯವರೇ, ಸಾಯುವುದಕ್ಕೆ ಮುಂಚಿನ ವರ್ಷವಾದ 1790ರಲ್ಲಿ, ಕ್ರೈಸ್ತರಲ್ಲದವರಿಗೆಲ್ಲ ದಂಡನೆಯ ತೀರ್ಪು ಕೊಡುವ ಹಕ್ಕು ಯಾವ ಮನುಷ್ಯನಿಗೂ ಇಲ್ಲ, ಅವರನ್ನು ಉಂಟುಮಾಡಿದವನ ಕೈಗೇ ಬಿಡುವುದು ಒಳ್ಳೆಯದು ಎಂದು ಬರೆದರು. ನಾನೂ ಮುತ್ಯಾನನ್ನು ಆ ಕೈಯಲ್ಲೇ ಬಿಟ್ಟಿದ್ದೇನೆ, ಭಾರವಾದ ಮನಸ್ಸಿನಿಂದ ಅಲ್ಲ, ನಿರೀಕ್ಷೆಯಿಂದ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡಿಸುತ್ತಾನೆಂದು ಅಬ್ರಹಾಮನು ಸೊದೋಮಿನಂಥ ಊರಿನ ವಿಷಯದಲ್ಲೂ ನಂಬಿದ್ದನಲ್ಲ.

ರಕ್ತದ ಲೆಕ್ಕದ ಮಾತು ಯೆಹೆಜ್ಕೇಲನ ಮೂವತ್ತಮೂರನೆಯ ಅಧ್ಯಾಯದ್ದು. ಬೋಧಕರು ಎಂಟನೆಯ ವಚನ ಓದಿ ನಿಲ್ಲಿಸಿದರೆಂದು ತಮ್ಮ ಹೇಳಿದ. ನೀನು ಹನ್ನೊಂದನೆಯದನ್ನೂ ಓದು: ದುಷ್ಟನ ಸಾವಿನಲ್ಲಿ ತನಗೆ ಲೇಶವಾದರೂ ಸಂತೋಷವಿಲ್ಲವೆಂದು ದೇವರು ತನ್ನ ಜೀವದಾಣೆ ಇಟ್ಟು ಹೇಳುತ್ತಾನೆ. ಎಂಟನೆಯ ವಚನವಾದರೂ ಬಾಯಿ ಮುಚ್ಚಿಕೊಂಡು ಕೂತ ಕಾವಲುಗಾರನದು. ವರ್ಷ ವರ್ಷವೂ ತಂದೆಯ ಮುಂದೆ ಸುವಾರ್ತೆ ಓದಿದವಳು ನೀನು, ಆ ಅಪವಾದ ನಿನ್ನ ಮೇಲೆ ಹೇಗೆ ನಿಲ್ಲುತ್ತದೆ?

ಬರುವ ಭೋಜನದ ಭಾನುವಾರ ಅಪ್ಪನ ಜೊತೆಗೆ ಮುಂದೆ ಹೋಗು. ಅದಕ್ಕೆ ಮೊದಲು ಈ ಕಾಗದವನ್ನು ನಮ್ಮ ಸಭೆಯ ಪಾಸ್ಟರ್ ಅವರಿಗೆ ತೋರಿಸಿ, ನಾನು ಬರೆದದ್ದರಲ್ಲಿ ವಾಕ್ಯಕ್ಕೆ ಒಪ್ಪದ್ದೇನಾದರೂ ಇದೆಯೇ ಎಂದು ಕೇಳು. ಅವರು ಏನು ಹೇಳಿದರೆಂಬುದನ್ನು ತಮ್ಮನ ಕೈಯಲ್ಲಿ ಬರೆಸಿ ಕಳಿಸು.

ನಿನ್ನ ಪ್ರೀತಿಯ ಮಗಳು