ಜಲಾಶಯದೊಳಗೆ ಮನೆ ಮಾರಲು ಬಿಟ್ಟವರಿಗೆ: ಟೆಕ್ಸಾಸಿನ ಕೇಟಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಟೆಕ್ಸಾಸ್ ವಿಧಾನಸಭೆಯಲ್ಲಿ ನಮ್ಮ ಕೇಟಿ ಭಾಗದ ಪರವಾಗಿ ಕೂತಿರುವ ನಿಮಗೆ ನಮಸ್ಕಾರ. ಇಂಗ್ಲಿಷಿನಲ್ಲಿ ಬರೆದು ಸಾಕಾಯಿತು. ಪ್ರತಿ ಸಲವೂ ಅದೇ ಉತ್ತರ. ನನ್ನ ಅಭಿಪ್ರಾಯ ನಿಮಗೆ ತುಂಬಾ ಮುಖ್ಯವಂತೆ. ಕೆಳಗೆ ನಿಮ್ಮ ಅಚ್ಚಿನ ಸಹಿ. ಓದುವುದೇ ಇಲ್ಲ ಎಂದಮೇಲೆ ಯಾವ ಭಾಷೆಯಾದರೇನು ಎಂದುಕೊಂಡು ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಇಲ್ಲಿಗೆ ಬಂದು ಮನೆ ಹುಡುಕುತ್ತಿರುವ ನಮ್ಮವರು ಓದಲಿ.

ನಾನು ಕೇಳುವುದು ಒಂದೇ. ಬಾರ್ಕರ್ ಮತ್ತು ಅಡಿಕ್ಸ್ ಜಲಾಶಯಗಳ ನೀರು ಬಂದು ನಿಲ್ಲಬಹುದಾದ ಜಾಗದಲ್ಲಿ ಯಾರೇ ಮನೆ ಮಾರಲಿ, ಆ ವಿಷಯವನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಕೊಡಬೇಕು. ಹೊಸ ಮನೆ ಕಟ್ಟಿ ಮಾರುವ ಬಿಲ್ಡರ್‌ಗೂ ಇದರಿಂದ ವಿನಾಯಿತಿ ಇರಬಾರದು.

ಈ ನೆಲದ ಕಥೆ ನಿಮಗೆ ಚೆನ್ನಾಗಿಯೇ ಗೊತ್ತು. ನಮ್ಮವರಿಗಾಗಿ ಸ್ವಲ್ಪ ಹೇಳುತ್ತೇನೆ.

ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಚಪ್ಪಟೆಯಾಗಿ ಹರಡಿಕೊಂಡಿದ್ದದ್ದು ಕೇಟಿ ಪ್ರೇರಿ ಎಂಬ ಹುಲ್ಲುಗಾವಲು. ಅಲ್ಲಿ ದನ ಮೇಯುತ್ತಿದ್ದವು, ಭತ್ತ ಬೆಳೆಯುತ್ತಿತ್ತು. 1937ರಲ್ಲಿ ಐವರು ಗೆಳೆಯರು ಸೇರಿ ಅಲ್ಲಿ ದೊಡ್ಡ ಜಮೀನು ಕೊಂಡರು. ಅದೇ ಸಿಂಕೊ ರ್ಯಾಂಚ್. ಐವರಲ್ಲಿ ಜೇಮ್ಸ್ ಅಬರ್‌ಕ್ರಾಂಬಿ ಎಂಬ ಎಣ್ಣೆ ಉದ್ಯಮಿಯೂ ಒಬ್ಬರು. ಬಾವಿ ಕೊರೆಯುವಾಗ ಎಣ್ಣೆ, ಗ್ಯಾಸ್ ಉಕ್ಕಿ ಚಿಮ್ಮದಂತೆ ತಡೆಯುವ ಯಂತ್ರವನ್ನು 1922ರಲ್ಲಿ ಹ್ಯಾರಿ ಕ್ಯಾಮರೂನ್ ಜೊತೆ ಸೇರಿ ಮಾಡಿದವರು ಇವರೇ. ಅಂಥವರ ಜಮೀನಿನ ಮೇಲೆ ಬಂದ ನೀರನ್ನು ತಡೆಯಲು ಮಾತ್ರ ಯಾರಿಗೂ ಆಗಲಿಲ್ಲ ನೋಡಿ.

ಅದೇ ಕಾಲದ ಇನ್ನೊಂದು ಕಥೆ ಇದೆ. 1929ರಲ್ಲಿ ಮತ್ತು 1935ರಲ್ಲಿ ಬಫಲೋ ಬೈಯೂ ಹೊಳೆ ಉಕ್ಕಿ ಹ್ಯೂಸ್ಟನ್ ಪೇಟೆ ಮುಳುಗಿತು. ಊರು ಉಳಿಸಬೇಕಲ್ಲ. ಸೈನ್ಯದ ಎಂಜಿನಿಯರ್‌ಗಳು, ಅಂದರೆ ಆರ್ಮಿ ಕೋರ್‌ನವರು, ಪಶ್ಚಿಮದ ಹುಲ್ಲುಗಾವಲಿನಲ್ಲಿ ಎರಡು ಮಣ್ಣಿನ ಏರಿ ಕಟ್ಟಿದರು. ಬಾರ್ಕರ್ 1945ರಲ್ಲಿ ಮುಗಿಯಿತು, ಅಡಿಕ್ಸ್ 1948ರಲ್ಲಿ. ಬಾರ್ಕರ್ ಏರಿಯೊಂದೇ 13 ಮೈಲಿಗೂ ಉದ್ದ. ವರ್ಷದ ಬಹುಪಾಲು ಒಳಗೆ ನೀರಿರುವುದಿಲ್ಲ. ಜೋರು ಮಳೆ ಬಂದಾಗ ತೂಬು ಮುಚ್ಚುತ್ತಾರೆ. ನೀರು ಹಿಂದಕ್ಕೆ, ಅಂದರೆ ನಮ್ಮ ಕಡೆಗೆ, ಏರುತ್ತಾ ಬರುತ್ತದೆ.

ಈಗ ಮುಖ್ಯ ಲೆಕ್ಕ. ಬಾರ್ಕರ್‌ನಲ್ಲಿ ಸರ್ಕಾರ ದುಡ್ಡು ಕೊಟ್ಟು ಕೊಂಡದ್ದು ಸಮುದ್ರಮಟ್ಟದಿಂದ 95 ಅಡಿ ಎತ್ತರದವರೆಗಿನ ನೆಲ ಮಾತ್ರ. ಏರಿ ನೂರು ಅಡಿಗೂ ಮೇಲಿನ ಮಟ್ಟದವರೆಗೆ ನೀರು ಹಿಡಿಯುತ್ತದೆ. ನಡುವಿನ ನೆಲ ಬೇರೆಯವರದು. ಆಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ನೀರು ಬಂದರೆ ದನ ಎತ್ತರಕ್ಕೆ ಹೋಗುತ್ತವೆ. ಭತ್ತದ ಗದ್ದೆಯಲ್ಲಿ ನಾಲ್ಕು ದಿನ ನೀರು ನಿಂತರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಸರ್ಕಾರ ದುಡ್ಡು ಉಳಿಸಿತು, ದನಗಳು ಪತ್ರ ಬರೆಯಲಿಲ್ಲ.

1984ರಲ್ಲಿ ಆ ರ್ಯಾಂಚ್ 8 ಕೋಟಿ 40 ಲಕ್ಷ ಡಾಲರಿಗೆ ಮಾರಾಟವಾಯಿತು. 1991ರಿಂದ ಅಲ್ಲಿ ಮನೆ, ಸ್ಕೂಲು, ಈಜುಕೊಳ, ಕೆರೆಯಂತೆ ಕಾಣುವ ಹೊಂಡಗಳು ಎದ್ದವು. ಅಕ್ಕಪಕ್ಕದ ಜಮೀನುಗಳೂ ಅದೇ ದಾರಿ ಹಿಡಿದವು. ಎಲ್ಲವೂ ಜಲಾಶಯದ ನೀರು ನಿಲ್ಲುವ ಜಾಗದಲ್ಲಿ ಇಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಪೂರ್ವದ ಅಂಚಿನ ಬಡಾವಣೆಗಳು ಇವೆ. 1990ರ ದಶಕದಲ್ಲಿ ಫೋರ್ಟ್ ಬೆಂಡ್ ಕೌಂಟಿಯ ಬಡಾವಣೆ ನಕ್ಷೆಗಳ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿತು. ಈ ಬಡಾವಣೆ ಬಾರ್ಕರ್ ಜಲಾಶಯದ ಪಕ್ಕದಲ್ಲಿದೆ, ಇಲ್ಲಿ ಬಹಳ ದಿನ ನೀರು ನಿಲ್ಲಬಹುದು ಎಂಬ ಅರ್ಥದ್ದು. ಆ ನಕ್ಷೆ ಕೌಂಟಿಯ ದಾಖಲೆಗಳಲ್ಲಿ ಭದ್ರವಾಗಿದೆ. ಮನೆ ಕೊಳ್ಳುವವನ ಕೈಗೆ ಅದು ಬರುವುದಿಲ್ಲ. ನಿಮ್ಮ ಮನೆಯ ಬಡಾವಣೆ ನಕ್ಷೆಯನ್ನು ನೀವು ನೋಡಿದ್ದೀರಾ?

ಈಗ ನನ್ನ ಮನೆಯ ವಿಷಯ. ದಯವಿಟ್ಟು ಇದೊಂದನ್ನು ಪೂರ್ತಿ ಕೇಳಿ.

ನಾವು ಕೊಂಡದ್ದು ಹೊಸ ಮನೆ. ಮಾಡೆಲ್ ಹೋಮ್ ತೋರಿಸಿದ ಹುಡುಗಿ ತುಂಬಾ ನಯವಾಗಿ ಮಾತಾಡಿದಳು. ಹಿತ್ತಲ ಬೇಲಿಯ ಆಚೆ ಮರ, ಹುಲ್ಲು, ಜಿಂಕೆ. ಅದು ಪಾರ್ಕಿನ ಜಾಗ, ಅಲ್ಲಿ ಯಾವತ್ತೂ ಯಾರೂ ಮನೆ ಕಟ್ಟುವುದಿಲ್ಲ ಎಂದಳು. ನಿಜವೇ ಹೇಳಿದಳು. ಜಲಾಶಯದ ನಡುವೆ ಮನೆ ಕಟ್ಟಲು ಯಾರು ಬಿಡುತ್ತಾರೆ? ಆದರೆ ಜಲಾಶಯ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಹಿಂದೆ ಬೇರೆ ಮನೆ ಇಲ್ಲದ ಸೈಟು ಎಂದು ಅದಕ್ಕೆ ಲಾಟ್ ಪ್ರೀಮಿಯಂ ಬೇರೆ ಹಾಕಿದರು. ಗೊತ್ತಾಯಿತಾ ಸ್ವಾಮಿ? ನೀರು ಮೊದಲು ಬರುವ ಸೈಟಿಗೆ ನಾವು ಜಾಸ್ತಿ ದುಡ್ಡು ಕೊಟ್ಟೆವು. ಕ್ಲೋಸಿಂಗ್ ದಿನ, ಅಂದರೆ ಮನೆ ನಮ್ಮ ಹೆಸರಿಗೆ ಆಗುವ ದಿನ, ಕೈ ನೋಯುವಷ್ಟು ಸಹಿ ಹಾಕಿಸಿಕೊಂಡರು. ಗೆದ್ದಲಿನ ಬಗ್ಗೆ ಕಾಗದ ಇತ್ತು. ಬಡಾವಣೆಗೆ ನೀರು, ಚರಂಡಿ ಒದಗಿಸುವ ಮುನ್ಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟಿನ ತೆರಿಗೆ ಬಗ್ಗೆ ಕಾಗದ ಇತ್ತು. ಬೇಲಿಗೆ ಯಾವ ಬಣ್ಣ ಹಚ್ಚಬಾರದು ಎಂಬುದಕ್ಕೂ ಒಂದು ಪುಸ್ತಕವೇ ಇತ್ತು. ಹಿತ್ತಲಲ್ಲಿ ಅಣೆಕಟ್ಟಿನ ನೀರು ನಿಲ್ಲುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಗೃಹಪ್ರವೇಶಕ್ಕೆ ಅರಸೀಕೆರೆಯಿಂದ ಅಮ್ಮ ಬಂದಿದ್ದರು. ವೆಸ್ಟ್‌ಹೈಮರ್ ಪಾರ್ಕ್‌ವೇಯಲ್ಲಿ ಕಾರು ಆ ದಿಬ್ಬ ಹತ್ತಿ ಇಳಿದಾಗ ಕಿಟಕಿಯಿಂದ ನೋಡಿ ಕೇಳಿದರು: "ಇದು ಕೆರೆ ಏರಿ ಅಲ್ವೇನೋ? ನಿಮ್ಮನೆ ಏರಿಯಿಂದ ಒಳಗಡೆಗೋ, ಹೊರಗಡೆಗೋ?" ಮಾರನೇ ದಿನ ನಾನು ಸೇಲ್ಸ್ ಆಫೀಸಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಅದು ಹ್ಯೂಸ್ಟನ್ ಊರನ್ನು ಕಾಪಾಡಲು ಕಟ್ಟಿದ್ದು, ನಿಮಗೂ ಅದಕ್ಕೂ ಸಂಬಂಧ ಇಲ್ಲ ಎಂದರು. ಮಾತಿನ ಮೊದಲರ್ಧ ಸರಿಯಾಗಿತ್ತು. ಮಳೆನೀರು ಎತ್ತ ಹೋಗುತ್ತದೆ ಎಂದು ಒಂದು ನೋಟದಲ್ಲಿ ಹೇಳಬಲ್ಲ ಮುದುಕಿಗೆ ಕಂಡದ್ದು ಇಷ್ಟೊಂದು ಲೈಸೆನ್ಸ್ ಇಟ್ಟುಕೊಂಡವರಿಗೆ ಕಾಣಲಿಲ್ಲ ಎಂದು ನಾನು ನಂಬಬೇಕು.

2016ರ ಏಪ್ರಿಲ್ ಮಳೆಯಲ್ಲಿ ಬಾರ್ಕರ್ ನೀರು ಸರ್ಕಾರಿ ನೆಲದ ಅಂಚಿಗೆ, 95 ಅಡಿಗೆ, ಬಂದು ನಿಂತಿತ್ತು. ಯಾರೂ ನಮ್ಮ ಬಾಗಿಲು ತಟ್ಟಿ ಹೇಳಲಿಲ್ಲ. 2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಬಂತು. ನೀರು 101 ಅಡಿ ದಾಟಿತು. ಮಳೆ ನಿಂತ ಮೇಲೂ ನೀರು ಏರುತ್ತಲೇ ಇತ್ತು. ಬಿಸಿಲು ಬಿದ್ದ ದಿನ ನಮ್ಮ ಅಡುಗೆಮನೆಯಲ್ಲಿ ಸೊಂಟದ ಮಟ್ಟ ನೀರು. ಅದು ಮಳೆನೀರೂ ಅಲ್ಲ, ಚರಂಡಿ ನೀರು ಸೇರಿದ ಕಂದು ನೀರು. ಆ ಸಲವೂ ಅಮ್ಮ ಇಲ್ಲೇ ಇದ್ದರು. ಗುರುತಿಲ್ಲದ ಇಬ್ಬರು ಮೀನು ಹಿಡಿಯುವ ದೋಣಿ ತಂದು ಅವರನ್ನು ಮಹಡಿ ಮೆಟ್ಟಿಲಿನಿಂದ ಎತ್ತಿಕೊಂಡು ಹೋದರು. ಮಾತ್ರೆ ಡಬ್ಬಿ, ಪಾಸ್‌ಪೋರ್ಟು, ದೇವರ ಬೆಳ್ಳಿ ದೀಪ, ಇಷ್ಟೇ ಅವರ ಜೊತೆ ಹೋದದ್ದು. ಪಕ್ಕದ ಕ್ಯಾನ್ಯನ್ ಗೇಟ್ ಬಡಾವಣೆಯಲ್ಲಿ ಹೆಚ್ಚೂಕಡಿಮೆ ಎಲ್ಲ ಮನೆಗೂ ನೀರು ನುಗ್ಗಿತ್ತು.

ನೀರು ಇಳಿದಮೇಲೆ ಗೋಡೆಯ ಶೀಟ್‌ರಾಕ್, ಅಂದರೆ ಜಿಪ್ಸಮ್ ಹಲಗೆ, ಕಿತ್ತು ರಸ್ತೆಬದಿ ರಾಶಿ ಹಾಕಿದೆವು. ಮದುವೆ ಆಲ್ಬಮ್ ಕೂಡ ಅದೇ ರಾಶಿಗೆ ಹೋಯಿತು. ಪ್ರವಾಹದ ವಿಮೆ ಇರಲಿಲ್ಲ. ಯಾಕೆ? ನೂರು ವರ್ಷದ ಪ್ರವಾಹದ, ಅಂದರೆ ಯಾವುದೇ ವರ್ಷ ಬರುವ ಸಾಧ್ಯತೆ ನೂರಕ್ಕೊಂದು ಇರುವ ಪ್ರವಾಹದ, ನಕ್ಷೆಯಲ್ಲಿ ನಮ್ಮ ಮನೆ ಇಲ್ಲ, ಹಾಗಾಗಿ ಸಾಲ ಕೊಟ್ಟವರೂ ಕೇಳಲಿಲ್ಲ, ಮಾರಿದವರೂ ಬೇಡ ಎಂದರು. ಆ ನಕ್ಷೆ ಹೊಳೆ ಉಕ್ಕುವುದನ್ನು ನೋಡುತ್ತದೆ. ಏರಿ ಹಿಂದೆ ಬೇಕೆಂದೇ ನಿಲ್ಲಿಸುವ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಕೊಳ್ಳುವವರಿಗೆ ಹೇಳುವುದಿಲ್ಲ. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ಬರುವುದಿಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಇನ್ನೂ ಆ ರಿಪೇರಿ ಸಾಲ ಕಟ್ಟುತ್ತಿದ್ದೇನೆ. ಆ ಒಂದು ಹಾಳೆ ಕೊಟ್ಟಿದ್ದರೆ ಬೇರೆ ಮನೆ ನೋಡುತ್ತಿದ್ದೆವು, ಇಲ್ಲವೇ ವಿಮೆಯನ್ನಾದರೂ ಮಾಡಿಸುತ್ತಿದ್ದೆವು. ಒಂದು ಹಾಳೆ, ಶಾಸಕರೇ.

ಜಲಾಶಯದ ಮೇಲ್ಭಾಗದ ಮನೆಯವರು ಹೂಡಿದ ಕೇಸಿನಲ್ಲಿ 2019ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಧೀಶ ಚಾರ್ಲ್ಸ್ ಲೆಟೋ ಸರ್ಕಾರವೇ ಹೊಣೆ ಎಂದರು. ಖಾಸಗಿ ನೆಲದ ಮೇಲೆ ನೀರು ನಿಲ್ಲಿಸಿದ್ದು ಆ ಆಸ್ತಿಯನ್ನು ಬಳಸಿಕೊಂಡ ಹಾಗೆಯೇ ಎಂಬುದು ತೀರ್ಪು. ಆ ಕೇಸಿನಲ್ಲಿ ಸರ್ಕಾರದ ವಾದ ಏನಿತ್ತು ಗೊತ್ತೇ? ಕೊಳ್ಳುವವರು ತಿಳಿದುಕೊಳ್ಳಬೇಕಿತ್ತು ಎಂದು. ಹೇಗೆ? ಯಾರು ಹೇಳಿದರು? ಆ ಸಣ್ಣಕ್ಷರದ ಸಾಲೇ?

ಅದೇ ವರ್ಷ ನೀವುಗಳು ರಾಜಧಾನಿ ಆಸ್ಟಿನ್‌ನಲ್ಲಿ ಒಂದು ಒಳ್ಳೆ ಕೆಲಸ ಮಾಡಿದಿರಿ. ಇಲ್ಲ ಎನ್ನುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಮನೆ ಮಾರುವವರು ತುಂಬುವ ಫಾರಂನಲ್ಲಿ, ಆ ಮನೆ ಜಲಾಶಯದ ನೀರು ನಿಲ್ಲುವ ಜಾಗದಲ್ಲಿದೆಯೇ ಎಂಬ ಪ್ರಶ್ನೆ ಸೇರಿತು. ಆದರೆ ಆಸ್ತಿ ಕಾಯ್ದೆಯ 5.008ನೇ ಸೆಕ್ಷನ್ ನಿಮಗೆ ಬಾಯಿಪಾಠ ಇರಬೇಕಲ್ಲ. ಯಾರೂ ವಾಸ ಮಾಡದ ಹೊಸ ಮನೆಗೆ ಆ ಫಾರಂ ಬೇಕಾಗಿಲ್ಲ. ಅಂದರೆ ಮುಳುಗಿ ಎದ್ದ ನಾನು ನನ್ನ ಮನೆ ಮಾರುವಾಗ ಎಲ್ಲ ಬರೆದುಕೊಡಬೇಕು. ಬರೆಯುತ್ತೇನೆ, ಬರೆಯಲೇಬೇಕು. ನಕ್ಷೆ ಮಾಡಿಸಿ, ಎಂಜಿನಿಯರ್ ಇಟ್ಟುಕೊಂಡು, ನೆಲದ ಮಟ್ಟವನ್ನು ಇಂಚಿಂಚು ಅಳೆದ ಕಂಪನಿ ಹೊಸ ಮನೆ ಮಾರುವಾಗ ಆ ಫಾರಂ ತುಂಬಬೇಕಿಲ್ಲ. ಯಾರಿಗೆ ಜಾಸ್ತಿ ಗೊತ್ತಿದೆಯೋ ಅವರಿಗೇ ವಿನಾಯಿತಿ! ಇದನ್ನು ಬರೆದವರು ಯಾರು, ಬರೆಸಿದವರು ಯಾರು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಮತ್ತೆ ನಿಮ್ಮ ಅಚ್ಚಿನ ಸಹಿ ಬರುತ್ತದೆ.

ಅದಕ್ಕೇ ಇನ್ನೊಮ್ಮೆ. ಹೊಸ ಮನೆಯೋ ಹಳೇ ಮನೆಯೋ, ಜಲಾಶಯದ ನೀರು ನಿಲ್ಲುವ ಮಟ್ಟದೊಳಗಿದ್ದರೆ ಬರೆದುಕೊಡಬೇಕು. ಮಟ್ಟ ಎಷ್ಟು, ಮನೆಯ ನೆಲ ಎಷ್ಟು ಎತ್ತರದಲ್ಲಿದೆ, ಹಾರ್ವಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಈ ಮೂರು ಅಂಕಿ ಸಾಕು. ಪ್ರತ್ಯೇಕ ಹಾಳೆ ಇರಲಿ, ಕ್ಲೋಸಿಂಗ್ ಕಟ್ಟಿನ ಮಧ್ಯೆ ಹೂತುಹಾಕುವುದು ಬೇಡ. ಕೊಡದಿದ್ದರೆ ಕೊಂಡವನಿಗೆ ಒಪ್ಪಂದ ಮುರಿದು ಅಡ್ವಾನ್ಸ್ ವಾಪಸ್ ಪಡೆಯುವ ಹಕ್ಕು ಇರಲಿ.

ಮನೆಗಳ ಬೆಲೆ ಬಿದ್ದುಹೋಗುತ್ತದೆ ಎಂದು ನಿಮಗೆ ಹೇಳುವವರು ಇದ್ದಾರೆ. ನನ್ನ ಬೀದಿಯಲ್ಲೇ ಇದ್ದಾರೆ, ನನ್ನ ಮೇಲೆ ಮುನಿಸಿಕೊಂಡೂ ಇದ್ದಾರೆ. ಬೀಳಲಿ ಬಿಡಿ. ಮುಚ್ಚಿಟ್ಟು ಪಡೆದ ಬೆಲೆ ಮುಂದೆ ಬರುವವರ ಜೇಬಿನಿಂದ ತೆಗೆದದ್ದು. ಕಳೆದ ತಿಂಗಳು ದಾವಣಗೆರೆ ಕಡೆಯ ಒಬ್ಬ ಹುಡುಗ ಮನೆ ನೋಡಿ ಬಂದು ಖುಷಿಯಿಂದ ಹೇಳಿದ: "ಅಣ್ಣ, ಹಿಂದೆ ಪೂರ್ತಿ ಹಸಿರು, ಯಾವತ್ತೂ ಮನೆ ಬರಲ್ವಂತೆ." ಎಲ್ಲಿ ಎಂದು ಕೇಳಿದೆ. ಏರಿಯಿಂದ ಒಳಗಡೆಗೇ. ಅವನಿಗೂ ಯಾರೂ ಏನೂ ಹೇಳಿಲ್ಲ.

ನೀವು ಎರಡು ವರ್ಷಕ್ಕೊಮ್ಮೆ 140 ದಿನ ಸೇರುತ್ತೀರಿ. ಅಷ್ಟರಲ್ಲಿ ಒಂದು ವಿನಾಯಿತಿಯ ಸಾಲನ್ನು ಹೊಡೆದುಹಾಕಲು ಸಮಯ ಸಿಗದಿದ್ದರೆ ಯಾವುದಕ್ಕೆ ಸಿಗುತ್ತದೆ? ಮುಂದಿನ ಜನವರಿ ಅಧಿವೇಶನದ ಬಿಲ್‌ಗಳನ್ನು ನವೆಂಬರ್ ಚುನಾವಣೆ ಮುಗಿದ ಮುಂದಿನ ಸೋಮವಾರದಿಂದಲೇ ಕೊಡಬಹುದು ಎಂಬುದು ನಿಮ್ಮದೇ ನಿಯಮ. ಆ ಸೋಮವಾರ ಈ ಬಿಲ್ ನಿಮ್ಮ ಹೆಸರಿನಲ್ಲಿ ಬರಲಿ. ಬಿಲ್ಲಿನ ನಂಬರ್ ಕಳಿಸಿ. ಅಚ್ಚಿನ ಸಹಿ ಬೇಡ, ನಂಬರ್ ಸಾಕು.

ಇಂತಿ,
ಬಾರ್ಕರ್ ಏರಿಯ ಒಳಗಡೆ ವಾಸಿಸುವ ನಿಮ್ಮ ಮತದಾರ
ಕೇಟಿ, ಟೆಕ್ಸಾಸ್